ಅಮ್ಮನ ಹರಕೆಯೂ ನಾನು ತಂದ ಕೀಲುನೋವಿನ ಮಾತ್ರೆಯೂ

ಇಂಗ್ಲಿಷ್ ಓದಲು ಬರುವ ಮನುಷ್ಯನಿಗೆ ಯಾರೂ ಮೋಸ ಮಾಡಲಾರರು ಎಂದು ನಾನು ಬಹಳ ಕಾಲ ನಂಬಿದ್ದೆ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು. ನನಗಿಂತ ಹಿಂದಿನವರೆಲ್ಲ ಹೆಬ್ಬೆಟ್ಟು ಒತ್ತಿದವರು. ನಾನು ಸಹಿ ಹಾಕುತ್ತೇನೆ, ಅದೂ ಇಂಗ್ಲಿಷಿನಲ್ಲಿ, ಕೆಳಗೊಂದು ಗೆರೆ ಎಳೆದು. ಸಾದಲಿ ಹತ್ತಿರದ ನಮ್ಮೂರಿನಲ್ಲಿ ಗೊಬ್ಬರದ ಚೀಲವೇ ಬರಲಿ, ಆಸ್ಪತ್ರೆಯ ಚೀಟಿಯೇ ಬರಲಿ, ಜನ ತಂದು ನನ್ನ ಮುಂದೆ ಹಿಡಿಯುತ್ತಾರೆ. ನಾನು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಓದಿ ಹೇಳುತ್ತೇನೆ. ಹೇಳುತ್ತಿದ್ದೆ.

ಈ ಡಿಗ್ರಿ ಸುಮ್ಮನೆ ಬಂದದ್ದಲ್ಲ. ಅಪ್ಪ ಬೇಗ ತೀರಿಕೊಂಡರು. ಅಮ್ಮ ರೇಷ್ಮೆ ಹುಳ ಸಾಕಿ ನನ್ನನ್ನು ಚಿಂತಾಮಣಿಯ ಕಾಲೇಜಿಗೆ ಕಳಿಸಿದಳು. ಹಿಪ್ಪುನೇರಳೆ ಸೊಪ್ಪಿನ ಹೊರೆ ತಲೆಯ ಮೇಲೆ ಹೊತ್ತು ತಂದಳು. ಹುಳುಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಹಗಲೂ ರಾತ್ರಿ ಸೊಪ್ಪು ಹಾಕಿದಳು. ನಾನು ಬಿ.ಎ. ಪಾಸಾಗಿ ಶಿಡ್ಲಘಟ್ಟದ ಕಚೇರಿಯೊಂದರಲ್ಲಿ ಗುಮಾಸ್ತನಾದೆ. ಅಮ್ಮನ ಮೊಣಕಾಲು ಫೇಲಾಯಿತು.

ಆಸ್ಪತ್ರೆಯ ಡಾಕ್ಟರಮ್ಮ ಸವೆದ ಕೀಲು ಮತ್ತೆ ಹೊಸದಾಗುವುದಿಲ್ಲ ಎಂದು ನೇರವಾಗಿ ಹೇಳಿದರು. ಕುಕ್ಕರುಗಾಲಲ್ಲಿ ಕೂರಬೇಡಿ, ದಿನಾ ಕುರ್ಚಿಯ ಮೇಲೆ ಕೂತು ಕಾಲು ಎತ್ತಿ ಇಳಿಸಿ, ನೋವು ಜಾಸ್ತಿಯಾದಾಗ ಊಟವಾದ ಮೇಲೆ ಈ ಮಾತ್ರೆ ನುಂಗಿ ಎಂದರು. ಅಮ್ಮ ಅಷ್ಟನ್ನೂ ಮಾಡಿದಳು. ಜೊತೆಗೆ ತನ್ನ ಕಡೆಯಿಂದಲೂ ಒಂದು ಸೇರಿಸಿದಳು. ವಿದುರಾಶ್ವತ್ಥಕ್ಕೆ ಹೋಗಿ, ಮೊಣಕಾಲು ಹಗುರಾಗುವವರೆಗೆ ಕೋಳಿ, ಕುರಿ ಯಾವ ಬಾಡೂ ಮುಟ್ಟುವುದಿಲ್ಲ ಎಂದು ಅಲ್ಲಿನ ನಾಗಪ್ಪ ದೇವರಿಗೆ ಹರಕೆ ಕಟ್ಟಿಕೊಂಡು ಬಂದಳು.

ನಮ್ಮ ಮನೆಗಳಲ್ಲಿ ಹಿರಿಯರು ಬಾಡು ಬಿಟ್ಟರೆ ಒಲೆಯೂ ಅದನ್ನು ಬಿಡಬೇಕು. ನನ್ನ ಹೆಂಡತಿ ಸರೋಜ ಬಾಡಿನ ಪಾತ್ರೆ ತೊಳೆದು ಅಟ್ಟಕ್ಕೆ ಹಾಕಿದಳು. ನನಗೆ ಮಾತ್ರ ಕೆಲವು ಭಾನುವಾರ ಶಿಡ್ಲಘಟ್ಟದಲ್ಲಿ ಕಚೇರಿಯ ಕೆಲಸ ಬೀಳುತ್ತಿತ್ತು. ಭಾನುವಾರ ಕಚೇರಿ ಇರುವುದಿಲ್ಲ. ಇದು ಸರೋಜಳಿಗೂ ಗೊತ್ತು.

ಹೀಗಿರುವಾಗ ಫೋನಿನಲ್ಲಿ ಒಂದು ಜಾಹೀರಾತು ಕಂಡಿತು. ಕೆಂಪಗೆ ಉರಿಯುವ ಮೊಣಕಾಲು ಮಾತ್ರೆ ನುಂಗಿದ ತಕ್ಷಣ ತಣ್ಣಗೆ ನೀಲಿಯಾಗುತ್ತಿತ್ತು. ನಾನು ಕೆಳಗಿದ್ದ ಇಂಗ್ಲಿಷನ್ನು ಓದಿದೆ. ಕೀಲಿನೊಳಗಿನ ಸವೆದ ಮೆತ್ತೆ ಮತ್ತೆ ಬೆಳೆಯಲು ಸಹಾಯ ಮಾಡಬಹುದು ಎಂದಿತ್ತು. ‘ಬಹುದು’ ಎಂಬುದನ್ನು ನಾನು ಬೆಳೆಯುತ್ತದೆ ಎಂದೇ ಓದಿಕೊಂಡೆ. ಡಬ್ಬ ತರಿಸಿದೆ.

ಮಾತ್ರೆ ಗೂಡು ಕಟ್ಟಲು ಹಣ್ಣಾದ ರೇಷ್ಮೆ ಹುಳದಷ್ಟು ದಪ್ಪಗಿತ್ತು. ಅಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದಳು, “ಇನ್ನೂ ಕಾಲೆತ್ತಿ ಇಳಿಸ್ತಾನೇ ಇರ್ಬೇಕಾ?”

“ಅದೆಲ್ಲ ಬ್ಯಾಡಮ್ಮ. ಇದು ಒಳಗಿಂದ್ಲೇ ರಿಪೇರಿ ಮಾಡ್ತದೆ.”

“ಸರಿ ಕಣಪ್ಪ. ಓದಿದೋನು ನೀನು.”

ಅಂದಿನಿಂದ ಬೆಳಿಗ್ಗೆ ಸ್ನಾನ ಮಾಡಿ, ತುಳಸಿಗೆ ಸುತ್ತು ಬಂದು, ಪೂರ್ವಕ್ಕೆ ಮುಖ ಮಾಡಿ, ತೀರ್ಥದ ಜೊತೆ ಆ ಮಾತ್ರೆ ನುಂಗುವುದು ಅವಳ ನೇಮವಾಯಿತು. ಸ್ವಲ್ಪ ದಿನಕ್ಕೆ ನೋವು ಕಮ್ಮಿಯಾಗಿದೆ ಎಂದಳು. ಮಾತ್ರೆಯಿಂದಲೋ, ತಂದವನು ಮಗನೆಂಬ ನಂಬಿಕೆಯಿಂದಲೋ, ಇಂದಿಗೂ ನನಗೆ ಗೊತ್ತಿಲ್ಲ. ಬೀದಿಯಲ್ಲಿ ಮಾತ್ರ ನನ್ನ ಹೆಸರು ಏರಿತು. ಮೊಣಕಾಲು ಹಿಡಿದುಕೊಂಡವರು, ಸೊಂಟ ಹಿಡಿದುಕೊಂಡವರು ನಮ್ಮ ಜಗಲಿಗೆ ಬರತೊಡಗಿದರು. ನಾನು ಔಷಧಶಾಸ್ತ್ರದ ಮೇಲೆ ಉಪನ್ಯಾಸ ಕೊಡತೊಡಗಿದೆ!

ಪಕ್ಕದ ಮನೆಯ ನಾರಾಯಣಪ್ಪ ತನ್ನ ಹೆಂಡತಿಗೂ ಒಂದು ಡಬ್ಬ ಬೇಕೆಂದು ಬಂದ. ಯಾವುದನ್ನೂ ಪೂರ್ತಿ ಕೇಳದೆ ಕೊಳ್ಳುವ ಆಸಾಮಿ ಅಲ್ಲ ಅವನು. ನಾನು ಡಬ್ಬದ ಮುಂಭಾಗವನ್ನು ಸಾಲುಸಾಲಾಗಿ ಕನ್ನಡಕ್ಕೆ ತಂದು ಹೇಳಿದೆ. ಹಿಂದೆಯೂ ಏನೋ ಸಣ್ಣಕ್ಕೆ ಬರೆದಿದೆಯಲ್ಲ ಎಂದ. ನಾನು ಡಬ್ಬ ತಿರುಗಿಸಿ, ಬಿಸಿಲಿಗೆ ಹಿಡಿದು ಓದಿದೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ.

“ಏನಪ್ಪ, ಹೇಳು.”

“ಸೀಗಡಿ,” ಎಂದೆ. “ಏಡಿ. ಅವುಗಳ ಚಿಪ್ಪಿಂದ ತೆಗ್ದಿದ್ದು.”

“ರೊಯ್ಯಲಾ?” ಎಂದ ನಾರಾಯಣಪ್ಪ. ಆಶ್ಚರ್ಯವಾದರೆ ಅವನಿಗೆ ತೆಲುಗೇ ಬರುವುದು.

ಸಮುದ್ರವಿಲ್ಲದ ನಮ್ಮ ಜಿಲ್ಲೆಗೆ ಸೀಗಡಿ ಬರುವುದೇ ಅಪರೂಪ. ಬಂದದ್ದು ನೇರವಾಗಿ ನಮ್ಮ ತುಳಸಿಕಟ್ಟೆಗೆ! ಡಬ್ಬದ ಮೂಲೆಯಲ್ಲಿ ಮಾಂಸಾಹಾರದ ಕಂದು ಗುರುತೂ ಇತ್ತು. ಅದನ್ನು ನೋಡಲು ಡಿಗ್ರಿಯೇ ಬೇಕಾಗಿರಲಿಲ್ಲ. ಅಮ್ಮನ ಹರಕೆಗಾಗಿ ಮನೆಯವರೆಲ್ಲ ಸಪ್ಪೆ ಉಣ್ಣುತ್ತಿದ್ದೆವು. ಮನೆಯೊಳಗೆ ದಿನಾ ತಪ್ಪದೆ ಬಾಡು ತಿನ್ನುತ್ತಿದ್ದವಳು ಹರಕೆ ಹೊತ್ತ ಅಮ್ಮ ಒಬ್ಬಳೇ.

ವಿಷಯ ತಿಳಿದು, ಅತ್ತೆಗೆ ಇವತ್ತೇ ಹೇಳಿಬಿಡಿ ಎಂದಳು ಸರೋಜ. ಈಗಷ್ಟೇ ನಡೆಯುತ್ತಿದ್ದಾಳೆ, ಹೇಗೆ ಹೇಳಲಿ ಎಂದೆ. “ಹಂಗಾದ್ರೆ ಒಂದು ಕೋಳಿ ತಂದ್ಬಿಡಿ,” ಎಂದಳು, “ಹರಕೆ ಹೆಂಗೂ ಹೋಗೈತಲ್ಲ.”

ನಾನು ಕೋಳಿ ತರಲಿಲ್ಲ, ನಿಜವನ್ನೂ ಹೇಳಲಿಲ್ಲ. ನಾರಾಯಣಪ್ಪನಿಂದ ಯಾರಿಗೂ ಹೇಳುವುದಿಲ್ಲವೆಂದು ಆಣೆ ಹಾಕಿಸಿಕೊಂಡೆ. ನಂತರ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಸದರಿ ಡಬ್ಬದಲ್ಲಿದ್ದ ಸೀಗಡಿಗಳನ್ನು ತೆರವುಗೊಳಿಸಿ, ಹಸಿರು ಗುರುತಿನ ಕ್ಯಾಲ್ಸಿಯಂ ಮಾತ್ರೆಗಳನ್ನು ಭರ್ತಿ ಮಾಡಲಾಯಿತು. ಸಮಸ್ಯೆ ಇತ್ಯರ್ಥವಾಯಿತು ಎಂದುಕೊಂಡೆ.

ಮಾತ್ರೆ ಸಣ್ಣಗಾಗಿದೆಯಲ್ಲ ಎಂದು ಅಮ್ಮ ಕೇಳಿದಳು. ಹೊಸ ಲೋಡು ಎಂದೆ. ಅದೇ ಹೊತ್ತಿಗೆ ಹುಳಗಳು ಮೇವು ಬಿಟ್ಟು ಪೊರೆ ಕಳಚುವ ನಾಲ್ಕನೇ ಜ್ವರದಿಂದ ಎದ್ದವು. ಜ್ವರ ಬಿಟ್ಟ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅಮ್ಮ ಮತ್ತೆ ಕುಕ್ಕರುಗಾಲಲ್ಲಿ ಕೂತಳು. ಒಳಗಿಂದಲೇ ರಿಪೇರಿ ಆಗುತ್ತಿದೆ ಎಂದು ಮಗ ಹೇಳಿದ್ದನಲ್ಲ! ನೋವು ತಿರುಗಿ ಬಂತು, ಮೊದಲಿಗಿಂತ ಜೋರಾಗಿ.

“ಈ ಲೋಡು ಸರಿಯಿಲ್ಲ ಕಣಪ್ಪ,” ಎಂದಳು. “ಮೊದ್ಲು ತಂದಿದ್ಯಲ್ಲ, ಅದ್ರಾಗೆ ಸತ್ವ ಇತ್ತು. ಅದ್ನೇ ತರ್ಸು.”

ಸೀಗಡಿಯನ್ನೇ ಕೇಳುತ್ತಿದ್ದಳು. ಲಾರಿ ಮುಷ್ಕರ ಎಂದೆ. ಫ್ಯಾಕ್ಟರಿಗೆ ನೀರು ನುಗ್ಗಿದೆ ಎಂದೆ. ಒಂದು ಬೆಳಿಗ್ಗೆ ಹುಳುಮನೆಯ ಹೊಸಲಿನ ಮುಂದೆ ಅಮ್ಮ ಕಂಡಳು. ಮೆಟ್ಟಿಲು ಹತ್ತಲಾರದೆ, ಎರಡೂ ಕೈ ಊರಿ, ಕೂತಲ್ಲಿಂದಲೇ ದೇಹವನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದಳು. ನಾನು ಸೊಪ್ಪಿನ ಬುಟ್ಟಿ ಒಳಗಿಟ್ಟು ಕಚೇರಿಗೆ ಹೋದೆ. ಆ ದಿನ ನನ್ನ ಸಹಿಯ ಕೆಳಗೆ ಗೆರೆ ಎಳೆಯಲು ಮನಸ್ಸಾಗಲಿಲ್ಲ.

ಮಗನ ಲಾರಿ ಬರುವ ಲಕ್ಷಣ ಕಾಣದೆ ಅಮ್ಮ ನಾರಾಯಣಪ್ಪನನ್ನೇ ಕರೆದು, ಚಿಂತಾಮಣಿಯಿಂದ ಅದೇ ಮಾತ್ರೆ ತಂದುಕೊಡು ಎಂದು ಕೇಳಿದಳಂತೆ. ನಾರಾಯಣಪ್ಪ ಆಣೆಗೆ ಹೆದರುವವನು; ಹರಕೆಗೆ ಅದಕ್ಕಿಂತ ಹೆಚ್ಚು ಹೆದರುವವನು. ಆ ಪಾಪ ನನಗೆ ಬೇಡ ಅಕ್ಕಯ್ಯ ಎಂದು ಎಲ್ಲವನ್ನೂ ಹೇಳಿಬಿಟ್ಟ.

ಸಂಜೆ ನಾನು ಬಂದಾಗ ಅಮ್ಮ ಜಗಲಿಯ ಮೇಲೆ ಕೂತಿದ್ದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ಗೊತ್ತಾದ್ ದಿನಾನೇ ಯಾಕ್ ಹೇಳ್ಲಿಲ್ಲ?”

“ನಿಂಗೆ ಬೇಜಾರಾಗ್ತದೆ ಅಂತ ಅಮ್ಮ...”

“ಓದಕ್ ಬರ್ದೋರ್ಗೆ ಸುಳ್ಳು ಹೇಳೋದು ಸಲೀಸು, ಅಲ್ವೇನಪ್ಪ?”

ಬಿ.ಎ.ಯಲ್ಲಿ ಎಂಥೆಂಥ ಪ್ರಶ್ನೆಗಳಿಗೋ ಪುಟಗಟ್ಟಲೆ ಉತ್ತರ ಬರೆದಿದ್ದೆ. ಇದಕ್ಕೆ ಮಾತ್ರ ಒಳಗೆ ಹೋಗಿ ಆ ಡಬ್ಬವನ್ನೇ ತಂದು ಅವಳ ಮುಂದಿಟ್ಟೆ.

ರೇಷ್ಮೆ ಗೂಡು ಬಿಡಿಸಿ ಮಾರಿದ ಮೇಲೆ ಅಮ್ಮನನ್ನು ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋದೆ. ಚಿಕ್ಕಬಳ್ಳಾಪುರದಲ್ಲಿ ಒಂದು ಬಸ್ಸು, ಗೌರಿಬಿದನೂರಿನಲ್ಲಿ ಇನ್ನೊಂದು. ದಾರಿಯುದ್ದಕ್ಕೂ ಅಮ್ಮ ಕಿಟಕಿಯಾಚೆಗೇ ನೋಡುತ್ತಿದ್ದಳು. ನಾಗರಕಲ್ಲುಗಳ ನಡುವೆ ನನ್ನ ಭುಜ ಹಿಡಿದು ಕುಂಟುತ್ತಾ ಒಂದು ಸುತ್ತು ಬಂದು, ಕೈ ಮುಗಿದು, ಎಲ್ಲರಿಗೂ ಕೇಳುವಂತೆ ನಿವೇದಿಸಿಕೊಂಡಳು: “ಸ್ವಾಮಿ, ನಾನು ತಿಳ್ದು ತಿಂದಿದ್ದಲ್ಲ. ನನ್ ಮಗ ಓದಿದೋನು. ಅವ್ನನ್ನ ಕ್ಷಮಿಸ್ಬಿಡು.”

ಪೂಜೆಗೆ ಬಂದಿದ್ದವರೆಲ್ಲ ಓದಿದವನನ್ನು ತಿರುಗಿ ನೋಡಿದರು. ಆ ಮಾತು ಬೈಗುಳದ ಹಾಗೆ ಕೇಳಿಸಬಲ್ಲದು ಎಂದು ನನಗೆ ಅಂದೇ ತಿಳಿದದ್ದು. ಹರಕೆ ಮತ್ತೆ ಮೊದಲಿನಿಂದ ಶುರುವಾಯಿತು. ಅಟ್ಟದ ಪಾತ್ರೆ ಅಟ್ಟದಲ್ಲೇ ಉಳಿಯಿತು.

ಡಾಕ್ಟರಮ್ಮನ ಹತ್ತಿರವೂ ಹೋದೆವು. ಕಾಲಿನ ವ್ಯಾಯಾಮ ಬಿಡಿಸಿದ್ದು ಯಾರು ಎಂದು ಕೇಳಿದರು. ನನ್ನ ಮುಖ ನೋಡಿ ಅವರಿಗೇ ತಿಳಿಯಿತು. ಈಗ ಅಮ್ಮ ಮತ್ತೆ ಕುರ್ಚಿಯ ಮೇಲೆ ಕೂತು ಕಾಲು ಎತ್ತಿ ಇಳಿಸುತ್ತಾಳೆ. ಹುಳುಮನೆಗೆ ಸರೋಜ ಹೋಗುತ್ತಾಳೆ. ನೋವು ಇದ್ದೇ ಇದೆ.

ಈಗ ಆಸ್ಪತ್ರೆಯ ಮಾತ್ರೆ ತಂದ ದಿನ ಅಮ್ಮ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ನಾರಾಯಣಪ್ಪನ ಸೊಸೆ ಮಂಜುಳಳನ್ನು ಕರೆಯುತ್ತಾಳೆ. ಮಂಜುಳ ಪಿ.ಯು.ಸಿ. ಫೇಲು, ಅದೂ ಇಂಗ್ಲಿಷಿನಲ್ಲಿ. ಅವಳು ಒಂದೊಂದೇ ಅಕ್ಷರ ಕೂಡಿಸಿ, ತಡವರಿಸುತ್ತಾ ಓದುತ್ತಾಳೆ. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎನ್ನುತ್ತಾಳೆ. ಮೊನ್ನೆ ಒಂದು ಪದದ ಹತ್ತಿರ ನಿಂತೇಬಿಟ್ಟಳು. ಪಕ್ಕದಲ್ಲೇ ಇದ್ದ ನಾನು ಕನ್ನಡಕ ಏರಿಸಿ ಕೈ ಚಾಚಿದೆ.

ಚಾಚಿದ ಕೈಗೆ ಅಮ್ಮ ಖಾಲಿ ಲೋಟ ಇಟ್ಟಳು. “ನೀನು ನೀರು ತಕ್ಕೊಂಡ್ ಬಾರಪ್ಪ.”

ತಂದುಕೊಟ್ಟೆ. ನೀರು ತರಲು ಬಿ.ಎ. ಏನೂ ಅಡ್ಡ ಬರುವುದಿಲ್ಲ.