ನೋಡುವವನ ಕೆಲಸ, ಹಾಡುವವನ ಕೇಸು

ಮೈಸೂರಿನ ಒಂದು ಸಮೀಕ್ಷೆ ಕಂಪನಿಯ ಪರವಾಗಿ ನಂಜನಗೂಡು, ಟಿ. ನರಸೀಪುರದ ಕಡೆ ಓಡಾಡುವವನು ನಾನು. ಜನ ಸೋಪು, ಶಾಂಪೂ, ಟೀಪುಡಿ ಹೇಗೆ ಕೊಳ್ಳುತ್ತಾರೆ, ಮನೆಗೆ ಒಯ್ದು ಹೇಗೆ ಬಳಸುತ್ತಾರೆ ಅಂತ ನೋಡಿ ಹೇಳಬೇಕು. ಕೇಳುವಂತಿಲ್ಲ, ನೋಡಬೇಕು ಅಷ್ಟೆ. ಕೇಳಿದರೆ ಜನ ಮರ್ಯಾದೆಗೆ ತಕ್ಕ ಉತ್ತರ ಕೊಡುತ್ತಾರೆ, ನೋಡಿದರೆ ನಿಜ ಸಿಗುತ್ತದೆ ಅನ್ನುವುದು ನಮ್ಮ ಮ್ಯಾನೇಜರ್ ನಂಬಿಕೆ. ಆದರೆ ಒಬ್ಬ ಸುಮ್ಮನೆ ನಿಂತು ನೋಡುತ್ತಿದ್ದರೆ ನಮ್ಮ ಕಡೆ ಅವನನ್ನು ಸುಮ್ಮನೆ ಬಿಡುವವರು ಯಾರಿದ್ದಾರೆ? ಹಾಗಾಗಿ ನನಗೆ ಇಂಥವು ಆಗುತ್ತಲೇ ಇರುತ್ತವೆ.

ಮರೆತು ನಿಂತವನು

ನರಸೀಪುರದ ಒಂದು ದಿನಸಿ ಅಂಗಡಿಯಲ್ಲಿ ಬಟ್ಟೆ ಸೋಪಿನ ಎದುರು ನಿಂತಿದ್ದೆ. ಮಾಲೀಕರಿಗೆ ಮೊದಲೇ ಹೇಳಿಯಾಗಿತ್ತು, ಗಿರಾಕಿಗಳಿಗೆ ಹೇಳುವಂತಿರಲಿಲ್ಲ. ಸಾಮಾನು ತೆಗೆದುಕೊಳ್ಳುತ್ತಿದ್ದ ಹೆಂಗಸೊಬ್ಬರು ನನ್ನನ್ನೇ ನೋಡಿ ನೋಡಿ ಕೊನೆಗೆ ಹತ್ತಿರ ಬಂದರು.

"ಏನಪ್ಪಾ, ಆಗ್ಲಿಂದ ನೋಡ್ತಾನೇ ನಿಂತಿದ್ದೀಯಲ್ಲ. ಎಂಡ್ತಿ ಏನ್ ತರಾಕ್ ಏಳಿದ್ಲು ಅಂತ ಮರ್ತೋಯ್ತಾ?"

ನಿಜ ಹೇಳುವಂತಿಲ್ಲ. ಹೂಂ ಅಂದೆ.

ಅವರು ಇನ್ನಿಬ್ಬರನ್ನು ಕರೆದರು. ಮನೇಲಿ ಎಷ್ಟು ಜನ, ನಲ್ಲಿ ನೀರೋ ಬೋರ್ ನೀರೋ, ಮಕ್ಕಳ ಯೂನಿಫಾರಂ ಬಿಳೀದೋ, ಕಲ್ಲಿನ ಮೇಲೆ ಒಗೀತಾಳೋ ಮಿಷನ್ನೋ? ನಾನು ಅವರಿಗೆ ಕೇಳಬಾರದಾಗಿದ್ದ ಪ್ರಶ್ನೆಗಳನ್ನೆಲ್ಲ ಅವರೇ ನನಗೆ ಕೇಳಿದರು. ಆಮೇಲೆ ಮೂವರೂ ಸೇರಿ ಸೋಪು, ನೀಲಿ, ಒಂದು ಬ್ರಷ್ಷು ಆರಿಸಿ ಕೈಗೆ ಕೊಟ್ಟರು.

ಸಂಜೆ ನನ್ನ ಹೆಂಡತಿ ಚೀಲ ತೆಗೆದು ನೋಡಿದಳು. "ಮದುವೆಯಾದ ಮೇಲೆ ಇದೇ ಮೊದಲು ಸರಿಯಾದ ಸಾಮಾನು ತಂದಿದ್ದೀರ. ಯಾರನ್ನ ಕೇಳಿಕೊಂಡು ತಂದ್ರಿ?" ಅಂದಳು.

ನೆಂಟರ ಮುಂದಿನ ಒಗೆತ

ಇನ್ನೊಂದು ಸಲ ತಗಡೂರಿನ ಕಡೆ ಒಂದು ಮನೆಯಲ್ಲಿ ಬಟ್ಟೆ ಒಗೆಯುವುದನ್ನು ನೋಡಬೇಕಿತ್ತು. "ದಿನಾ ಹೇಗೆ ಒಗೀತೀರೋ ಹಾಗೇ ಒಗೀರಿ, ನಾನು ಇಲ್ಲಿಲ್ಲ ಅಂದುಕೊಳ್ಳಿ" ಅಂತ ಹೇಳಿ ಹಿತ್ತಲಲ್ಲಿ ಕೂತೆ. ಆ ಮನೆಯ ಅತ್ತೆ ಕಾಫಿ ತಂದುಕೊಟ್ಟು, ನಾನು ಇಲ್ಲ ಅಂದುಕೊಂಡೇ ಚಕ್ಕುಲಿ ಇಟ್ಟರು. ಸೊಸೆ ಬಕೆಟ್ಟಿಗೆ, ನಮಗೆ ಈ ಸಮೀಕ್ಷೆ ಕೊಟ್ಟ ಕಂಪನಿಯದೇ ಪುಡಿ ಹಾಕಿ ಬಟ್ಟೆ ಅದ್ದಿದರು. ನೊರೆ ಬಂತು, ಆದರೆ ನೀರು ಕೊಂಚವೂ ಕೊಳೆಯಾಗಲಿಲ್ಲ. ಗದ್ದೆ ಕೆಲಸದವರ ಮನೆಯಲ್ಲಿ ಇದೆಂಥ ಬಟ್ಟೆ ಅಂತ ನನಗೆ ಆಶ್ಚರ್ಯವಾಯಿತು. ನಿಯಮ ಮೀರಿ ಕೇಳಿಯೇಬಿಟ್ಟೆ.

ಅತ್ತೆ ಮೆಲ್ಲಗೆ ಹೇಳಿದರು. "ಬೀರುನಲ್ಲಿದ್ದ ಒಗ್ದಿರೋ ಬಟ್ಟೆ ಸಾ. ಕೊಳೆ ಬಟ್ಟೆನ ಬಂದೋರ ಮುಂದೆ ಎಂಗ್ ತಗಿಯೋದು?"

ಅವತ್ತು ದಾರಿಯುದ್ದಕ್ಕೂ ಯೋಚಿಸಿದೆ. ನಾನು ನೋಡಲು ಹೋದದ್ದು ಕೊಳೆಯನ್ನು. ಅವರು ತೋರಿಸಿದ್ದು ತಮ್ಮ ಮಾನವನ್ನು. ಅದು ಸುಳ್ಳು ಅಂತ ಹೇಳಲು ನನಗೆ ಮನಸ್ಸಾಗಲಿಲ್ಲ. ನಡೆದದ್ದನ್ನು ನಡೆದಂತೆಯೇ ಬರೆದು ಕಳಿಸಿದೆ. ಮ್ಯಾನೇಜರ್ ಪೂರ್ತಿ ಓದಿದರೋ ಇಲ್ಲವೋ, ಫೋನ್ ಮಾಡಿ, "ನಮ್ಮ ಪುಡಿ ಹಾಕಿದರೆ ನೀರೂ ಕೊಳೆಯಾಗಲ್ಲ ಅಂತಾಯ್ತಲ್ಲ" ಅಂತ ಖುಷಿಪಟ್ಟರು.

ಅಕ್ಕನಿಗೆ ಅರ್ಥವಾಗದ ಹಾಡು

ನಂಜನಗೂಡಿನಲ್ಲಿರುವ ನನ್ನ ಅಕ್ಕನ ಮಗ ರ‍್ಯಾಪ್ ಹಾಡುತ್ತಾನೆ. ಹಗಲು ಮೊಬೈಲ್ ರಿಪೇರಿ, ಸಂಜೆ ಹಾಡು. ತಮ್ಮ ಬೀದಿಯಲ್ಲಿ ಇನ್ನೂ ಕಟ್ಟದ ಮೋರಿಯ ಮೇಲೆ ಒಂದು ಹಾಡು ಕಟ್ಟಿ ಫೋನಿನಲ್ಲಿ ಬಿಟ್ಟಿದ್ದ. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಊರಲ್ಲಿ ಅದು ಹರಿದಾಡಿತು, ಮೈಸೂರಿನ ಒಂದು ಕಾಲೇಜಿನವರು ತಮ್ಮ ಕಾರ್ಯಕ್ರಮಕ್ಕೆ ಕರೆದರು. ಅವನ ಮಟ್ಟಿಗೆ ಅದು ಮೊದಲ ದೊಡ್ಡ ವೇದಿಕೆ.

ಅಷ್ಟರಲ್ಲಿ ಬಡಾವಣೆಯ ಮುಖಂಡರೊಬ್ಬರು, ಹಾಡಿನಿಂದ ತಮ್ಮ ಮಾನ ಹೋಯಿತು ಅಂತ ಪೊಲೀಸರಿಗೆ ದೂರು ಕೊಟ್ಟರು. ಕಾಲೇಜಿನವರು, "ಕೇಸು ಮುಗಿಸ್ಕೊಂಡು ಬಾಪ್ಪಾ" ಅಂದರು. ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಇನ್ನು ಹಾಡಲ್ಲ ಮಾವ ಅಂದ. ಅವನು ಮಾತು ಕಲಿತಾಗಿನಿಂದ ಸುಮ್ಮನಿದ್ದದ್ದನ್ನು ನಾನು ಕಂಡವನಲ್ಲ; ನನಗೂ ಹೆದರಿಕೆಯಾಯಿತು.

ಅಕ್ಕನ ಚಿಂತೆಯೇ ಬೇರೆ. "ಅಷ್ಟು ಬಿರುಸಾಗಿ ಹಾಡ್ತಾನೆ, ಹೆತ್ತ ತಾಯಿ ನನಗೇ ಒಂದಕ್ಷರ ತಿಳಿದಿಲ್ಲ. ಆವಯ್ಯಂಗೆ ಹೆಂಗೆ ತಿಳೀತು?"

ಸ್ಟೇಷನ್ನಿನಲ್ಲಿ ಹಾಡು

ವಿಚಾರಣೆಗೆ ಅವನ ಜೊತೆ ನಾನೇ ಹೋದೆ. ಮುಖಂಡರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮೊದಲೇ ಬಂದು ಕೂತಿದ್ದರು. ಸಬ್ ಇನ್ಸ್‌ಪೆಕ್ಟರ್ ಫೋನಿನಲ್ಲಿ ಹಾಡು ಹಾಕಿಸಿದರು. ಯಾರಿಗೂ ಏನೂ ತಿಳಿಯಲಿಲ್ಲ. ಅಭ್ಯಾಸಬಲದಿಂದ ನಾನು ಎಲ್ಲರನ್ನೂ ನೋಡುತ್ತಿದ್ದೆ. ಮುಖಂಡರ ಮುಖ ಗಂಟಿಕ್ಕಿತ್ತು, ಆದರೆ ಅವರ ಹೆಬ್ಬೆರಳು ಚಪ್ಪಲಿಯೊಳಗೆ ತಾಳ ಹಾಕುತ್ತಿತ್ತು. ಆಗ ನನಗೆ ಸ್ವಲ್ಪ ಧೈರ್ಯ ಬಂತು.

"ನಿಧಾನಕ್ಕೆ ಹೇಳಪ್ಪಾ, ರೈಟರ್ ಬರ್ಕೋಬೇಕು" ಅಂದರು ಸಬ್ ಇನ್ಸ್‌ಪೆಕ್ಟರ್.

ಹುಡುಗ ಕೈಕಟ್ಟಿ ನಿಂತು, ಪಾಠ ಒಪ್ಪಿಸುವವನಂತೆ ಹೇಳಿದ. "ಗುದ್ದಲಿ ಪೂಜೆ ಎರಡು, ನಮ್ಮ ಮೋರಿ ಇನ್ನೂ ಬರಡು."

"ಸುಳ್ಳು ಸಾ" ಅಂದರು ಮುಖಂಡರು ಎದ್ದು ನಿಂತು. "ಎರಡಲ್ಲ, ಮೂರು ಸಲ ಪೂಜೆ ಮಾಡ್ಸಿದೀನಿ."

ರೈಟರ್ ಪೆನ್ನು ಎತ್ತಿ ಕೇಳಿದರು. "ಸಾ, ಇದನ್ನ ಹಾಡಲ್ಲಿ ತಿದ್ದಬೇಕೋ, ಕಂಪ್ಲೇಂಟಲ್ಲೋ?"

ಮುಖಂಡರು ಕೂತರು, ನೀರು ಕುಡಿದರು. ಆಮೇಲೆ ದೂರು ವಾಪಸ್ ತಗೊತೀನಿ ಅಂದರು. ಒಂದೇ ಷರತ್ತು: ಹಾಡಿನಲ್ಲಿ ಎರಡು ಅನ್ನುವುದು ಮೂರಾಗಬೇಕು.

ನನಗೆ ಉಸಿರು ಬಂದಂತಾಯಿತು. ಮೈಸೂರಿಗೆ ಹೋಗಬಹುದು, ಹುಡುಗ ಮತ್ತೆ ಹಾಡಬಹುದು. ಆದರೆ ಮೆಟ್ಟಿಲಿಳಿಯುವಾಗ ಅವನ ಮುಖ ಇನ್ನೂ ಬಾಡಿತ್ತು.

"ಏನೋ?" ಅಂದೆ.

"ಎರಡಕ್ಕೆ ಬರಡು ಅಂತ ಪ್ರಾಸ ಇತ್ತು ಮಾವ. ಮೂರಕ್ಕೆ ಏನ್ ತರ‍್ಲಿ?"

ಹಿಂದೆ ಬರುತ್ತಿದ್ದ ಮುಖಂಡರು ಅವನ ಹೆಗಲ ಮೇಲೆ ಕೈಯಿಟ್ಟರು.

"ಜೋರು ಅಂತ ಹಾಕ್ಕೊ ಕಣಪ್ಪಾ. ಮೂರೂ ಪೂಜೆ ಜೋರಾಗೇ ಮಾಡ್ಸಿದೀನಿ."