ಕರಿ ಬೈಕಿಗೆ ನನ್ನ ಕೈಗುಣ

ಇನ್ನು ಮುಂದೆ ನನ್ನ ಬೈಕಿನ ಮೇಲೆ ನನ್ನದಲ್ಲದ ಸ್ಪ್ಯಾನರ್ ಬೀಳಕೂಡದು ಎಂದು ನಾನು ಘೋಷಿಸಿದ ದಿನ ಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮನೆಯಲ್ಲಿ ಇರುವುದೇ ಇಬ್ಬರು. ಒಬ್ಬ ನಾನು, ಘೋಷಿಸಿದವನು. ಇನ್ನೊಬ್ಬಳು ನನ್ನ ಹೆಂಡತಿ, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತ, ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಕೂತವಳು. ಬಾಯಲ್ಲಿ ಸೂಜಿ ಇದ್ದದ್ದರಿಂದ ಅವಳು ಏನೂ ಹೇಳಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದುಕೊಂಡೆ. ಸೂಜಿ ತೆಗೆದ ಮೇಲೆ ಲಕ್ಷಣ ಬೇರೆಯೇ ಇತ್ತು.

"ಮೆಕ್ಯಾನಿಕ್ ಹತ್ರ ಹೋದ್ರೆ ಏನು ಗಂಟು ಹೋಗುತ್ತೆ?"

"ಮೆಕ್ಯಾನಿಕ್‌ಗೆ ಗಾಡಿ ಮೇಲೆ ಪ್ರೀತಿ ಇರಲ್ಲ ಕಣೇ. ಬರೀ ನಟ್ಟು ಬೋಲ್ಟು ನೋಡ್ತಾನೆ. ನಾನು ಅದರ ಮನಸ್ಸು ನೋಡ್ತೀನಿ."

"ಮನಸ್ಸಲ್ಲಿ ಏನಿದೆಯಂತೆ?"

"ಸ್ವಲ್ಪ ಬೇಜಾರಿದೆ."

"ನನಗೂ ಇದೆ" ಎಂದವಳೇ ಮತ್ತೆ ಸೂಜಿ ಕಚ್ಚಿಕೊಂಡಳು.

ನಮ್ಮ ಬೈಕು ಕರಿ ಬಣ್ಣದ್ದು, ದುಂಡು ದೀಪದ್ದು, ಕಿಕ್ ಹೊಡೆದು ಎಬ್ಬಿಸಬೇಕಾದ ಹಳೇ ಕಾಲದ್ದು. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಸ್ವಲ್ಪ ದೂರ ನಾನು, ಸ್ವಲ್ಪ ದೂರ ಅವಳು ಓಡಿಸುತ್ತ, ಅದರ ಮೇಲೆ ಊರೂರು ಅಲೆದಿದ್ದೇವೆ. ನಿಜ ಹೇಳಬೇಕೆಂದರೆ ಅವಳೇ ನನಗಿಂತ ಚೆನ್ನಾಗಿ ಓಡಿಸುತ್ತಿದ್ದಳು. ಆಗ ಅದು ಕುದುರೆಯಂತಿತ್ತು. ಈಚೆಗೆ ಅದಕ್ಕೊಂದು ವಿಚಿತ್ರ ಚಾಳಿ ಅಂಟಿಕೊಂಡಿತ್ತು. ಸ್ವಲ್ಪ ದೂರ ಲಕ್ಷಣವಾಗಿ ಓಡುತ್ತದೆ, ಇದ್ದಕ್ಕಿದ್ದಂತೆ ಕೆಮ್ಮುತ್ತದೆ, ನಿಂತುಬಿಡುತ್ತದೆ. ನಾನು ಇಳಿದು, ಟ್ಯಾಂಕಿನ ಮುಚ್ಚಳ ತೆಗೆದು, ಪೆಟ್ರೋಲ್ ಇದೆಯೆಂದು ಖಾತ್ರಿ ಮಾಡಿಕೊಂಡು, ಕಾರ್ಬ್ಯುರೇಟರಿನ ಸ್ಕ್ರೂವನ್ನು ಅರ್ಧ ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ ತಿರುಗಿಸಿದರೆ ಸಾಕು, ಮತ್ತೆ ಹೊರಡುತ್ತದೆ. ಅರ್ಧ ಆ ಕಡೆ, ಅರ್ಧ ಈ ಕಡೆ ತಿರುಗಿಸಿದರೆ ಸ್ಕ್ರೂ ಇದ್ದಲ್ಲೇ ಇರುತ್ತದಲ್ಲವೇ ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ಇಂಥ ಸೂಕ್ಷ್ಮಗಳು ಹೊರಗಿನವರಿಗೆ ತಿಳಿಯುವುದಿಲ್ಲ. ಅದಕ್ಕೆ ಕೈಗುಣ ಅನ್ನುತ್ತಾರೆ.

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವವನು. ಬೈಕ್ ರಿಪೇರಿಯ ಪುಸ್ತಕವೊಂದನ್ನು ವರ್ಷಗಳಿಂದ ಯಾರೂ ಮುಟ್ಟಿರಲಿಲ್ಲ. ಕನಿಕರದಿಂದ ನಾನೇ ಮನೆಗೆ ತಂದೆ. ಅದ್ಭುತ ಗ್ರಂಥ. ಒಂದೇ ಕೊರತೆಯೆಂದರೆ, "ಈಗ ಅತ್ಯಂತ ಎಚ್ಚರಿಕೆಯಿಂದ" ಎಂದು ಮುಗಿಯುವ ಪುಟದ ಮುಂದಿನ ಹಾಳೆಗಳನ್ನು ಯಾರೋ ಪುಣ್ಯಾತ್ಮ ಹರಿದುಕೊಂಡು ಹೋಗಿದ್ದ. ಆ ಭಾಗವನ್ನು ನಾನು ಸ್ವಂತ ಪ್ರತಿಭೆಯಿಂದ ತುಂಬಿಕೊಂಡೆ.

ಹೀಗಿರುವಾಗ ಒಂದು ದಿನ ಹೆಂಡತಿಯ ತಮ್ಮನ ಮನೆಯಿಂದ ಬರುತ್ತಿದ್ದಾಗ ಏರುರಸ್ತೆಯಲ್ಲಿ ಗಾಡಿ ಕೆಮ್ಮಿತು. ಆಗಷ್ಟೇ ಟ್ಯಾಂಕ್ ತುಂಬಿಸಿದ್ದೆವಾದ್ದರಿಂದ ಪೆಟ್ರೋಲ್ ನೋಡುವ ಅಗತ್ಯ ಬೀಳಲಿಲ್ಲ. ನೇರವಾಗಿ ಸ್ಕ್ರೂಗೆ ಕೈ ಹಾಕಿದೆ. ಆ ಕಡೆ ತಿರುಗಿಸಿದೆ, ಈ ಕಡೆ ತಿರುಗಿಸಿದೆ. ಊಹೂಂ. ಕೈಗುಣಕ್ಕೂ ರಜೆ ಇರುತ್ತದೆ ತಾನೇ? ನಾನು ಹ್ಯಾಂಡಲ್ ಹಿಡಿದೆ, ಅವಳು ಹಿಂದಿನಿಂದ ತಳ್ಳಿದಳು. ಮನೆ ಮುಟ್ಟುವ ಹೊತ್ತಿಗೆ ಅವಳ ಹೊಸ ಚಪ್ಪಲಿಯ ಹಿಮ್ಮಡಿ ಕಿತ್ತು ಕೈಗೆ ಬಂದಿತ್ತು. ಅದನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಹೇಳಿದಳು. 

"ಇನ್ನೊಂದೇ ಒಂದು ಸಲ ಇದು ದಾರೀಲಿ ಕೈ ಕೊಟ್ಟು, ಯಾರಾದ್ರೂ ತಳ್ಳೋ ಹಾಗಾಯ್ತೋ, ಮಾರನೇ ದಿನ ಗುಜರಿಯವನಿಗೆ."

"ಯಾರಾದ್ರೂ ಅಂದ್ರೆ?"

"ಯಾರಾದ್ರೂ."

ಆ ಬೈಕು ಹೋದರೆ ನನ್ನಲ್ಲಿ ಉಳಿಯುವುದೇನು? ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ಒಬ್ಬ ಬೊಕ್ಕತಲೆಯ ಗುಮಾಸ್ತ. ಅದಿರಲಿ, ಅವಳು ಅದರ ಮೇಲೆ ಕೂತು ಗಾಳಿಗೆ ಮುಖವೊಡ್ಡಿ ನಗುತ್ತಿದ್ದ ದಿನಗಳೂ ಗುಜರಿಗೆ ಹೋಗುತ್ತವಲ್ಲ ಎಂದು ಸಂಕಟವಾಯಿತು.

ಆದ್ದರಿಂದಲೇ ಆ ಘೋಷಣೆ. ಬರುವ ಭಾನುವಾರ ನಮ್ಮ ಸವಾರರ ಬಳಗ ಕೆರೆಯ ದಂಡೆಗೆ ಹೊರಡುವುದಿತ್ತು. ಅಷ್ಟರೊಳಗೆ ಗಾಡಿಯನ್ನು ಸ್ವಂತ ಕೈಯಿಂದ ಸರಿಮಾಡಿ, ಹೆಂಡತಿಯನ್ನು ಕೂರಿಸಿಕೊಂಡು ಹೋಗಿ, ರಾಣಿಯಂತೆ ವಾಪಸು ಕರೆತರುತ್ತೇನೆಂದು ಶಪಥ ಮಾಡಿದೆ. ವಾರವಿಡೀ ಬಿಚ್ಚಿದೆ, ಒರೆಸಿದೆ, ಎಣ್ಣೆ ಬಿಟ್ಟೆ, ಜೋಡಿಸಿದೆ. ಜೋಡಿಸಿದ ಮೇಲೆ ಒಂದು ಹಿಡಿ ನಟ್ಟು ಬೋಲ್ಟು ಮಿಕ್ಕವು.

"ಇವು ಎಲ್ಲಿಯವು?" ಎಂದಳು ಹೆಂಡತಿ.

"ಹೆಚ್ಚುವರಿ. ಭಾರ ಕಮ್ಮಿಯಾದಷ್ಟೂ ಗಾಡಿ ಚುರುಕು."

"ಅಂಗಿ ಹೊಲಿದ ಮೇಲೆ ನನ್ನ ಹತ್ರ ಒಂದು ತೋಳು ಮಿಕ್ಕಿದ್ರೆ ಗಿರಾಕಿಗೆ ಹೀಗೇ ಹೇಳ್ತೀನಿ" ಎಂದಳು.

ಭಾನುವಾರ ಹೊರಟೆವು. ನಮ್ಮ ಬಳಗದ ಬಗ್ಗೆ ಎರಡು ಮಾತು. ಮುಂದಾಳು ಬೇಕರಿ ನಡೆಸುವ ಒಬ್ಬರು, ಕೊರಳಲ್ಲಿ ಸದಾ ಸೀಟಿ ನೇತಾಡುವುದರಿಂದ ಎಲ್ಲರಿಗೂ ಕ್ಯಾಪ್ಟನ್. ಉಳಿದವರಲ್ಲಿ ಹಲ್ಲಿನ ಡಾಕ್ಟರಮ್ಮ ಒಬ್ಬರು. ಅವರದೂ ನನ್ನಂಥದೇ ಕರಿ ಬೈಕು, ಅದೇ ದುಂಡು ದೀಪ, ಅದೇ ಕಾಲದ್ದು. ಎರಡೂ ಪಕ್ಕಪಕ್ಕ ನಿಂತರೆ ಅವಳಿ ಜವಳಿ. ನಮ್ಮವರೆಲ್ಲ ಸೇರಿದರೆ ಮನೆ ಮಠ, ಬೆಲೆ ಏರಿಕೆ ಯಾವುದೂ ನೆನಪಾಗುವುದಿಲ್ಲ. ಒಬ್ಬರು ಚೈನಿನ ಸದ್ದನ್ನು ಹೊಗಳಿದರೆ ಇನ್ನೊಬ್ಬರು ಹೊಸ ಟೈರಿನ ವಾಸನೆಯನ್ನು ವರ್ಣಿಸುತ್ತಾರೆ.

ಹೋಗುವಾಗ ದಾರಿಯಲ್ಲಿ, ಸಿಮೆಂಟ್ ಗೋದಾಮಿನ ಉದ್ದನೆಯ ಗೋಡೆಯ ಪಕ್ಕದಲ್ಲಿ, ನನ್ನ ಗಾಡಿ ಕೆಮ್ಮಿತು. ಅದು ಪೂರ್ತಿ ನಿಲ್ಲುವ ಮೊದಲೇ ನಾನು ಬ್ರೇಕ್ ಹಾಕಿ, ನಾನೇ ನಿಲ್ಲಿಸಿದವನ ಹಾಗೆ ಇಳಿದೆ.

"ಯಾಕ್ರೀ ನಿಂತ್ರಿ?"

"ನೋಡು, ಎಂಥ ಪ್ರಶಾಂತ ವಾತಾವರಣ."

"ಗೋಡೆ ಇದು."

"ಗೋಡೆಯೇ. ಆದ್ರೆ ಬೆಳಗಿನ ಬಿಸಿಲು ಅದರ ಮೇಲೆ ಹೇಗೆ ಬಿದ್ದಿದೆ ನೋಡು."

ಅವಳು ಗೋಡೆಯನ್ನೂ ನನ್ನನ್ನೂ ನೋಡುತ್ತಿರುವಾಗ ನಾನು ಮುಚ್ಚಳ ತೆಗೆದು ಪೆಟ್ರೋಲ್ ನೋಡಿ, ಸ್ಕ್ರೂವನ್ನು ಆ ಕಡೆ ಈ ಕಡೆ ತಿರುಗಿಸಿ ಕಿಕ್ ಹೊಡೆದೆ. ಎದ್ದಿತು. ಯಾರೂ ತಳ್ಳಲಿಲ್ಲ. ಬಚಾವಾದೆ.

ಕೆರೆಯ ದಂಡೆಯಲ್ಲಿ ಟೀ ಅಂಗಡಿಯ ಮುಂದೆ ಎಲ್ಲರೂ ಇಳಿದೆವು. ಇಲ್ಲಿ ಕ್ಯಾಪ್ಟನ್ನರ ಒಂದು ಕಟ್ಟಳೆಯಿದೆ. ಯಾರೂ ತಮ್ಮ ಗಾಡಿಯನ್ನು ತಾವೇ ಕಟ್ಟಿಕೊಂಡು ಕೂರಬಾರದು, ಕೀಲಿ ಅದಲುಬದಲು ಮಾಡಿಕೊಂಡು ದಂಡೆಯ ಮೇಲೆ ಒಂದು ಸುತ್ತು ಹಾಕಬೇಕು. "ಗಾಡಿ ಮಕ್ಕಳಿದ್ದ ಹಾಗೆ. ಬೇರೆಯವರ ಮನೆಗೆ ಹೋದಾಗಲೇ ಬುದ್ಧಿ ಗೊತ್ತಾಗೋದು" ಎನ್ನುತ್ತಾರೆ. ಡಾಕ್ಟರಮ್ಮನ ಬೈಕಿಗೆ ಸಾಲು ನಿಂತಿತ್ತು. ನಾನು ನನ್ನ ಕೀಲಿಯನ್ನು ಎತ್ತಿ ಹಿಡಿದು, "ನಂದು ಯಾರಿಗೆ ಬೇಕು?" ಎಂದೆ. ತಕ್ಷಣ ಎಲ್ಲರಿಗೂ ಟೀ ಆರಿಹೋಗುವ ಚಿಂತೆ ಹತ್ತಿತು. ಕೀಲಿ ಮತ್ತೆ ಕಿಸೆಗಿಳಿಯಿತು.

ದಂಡೆ ಒದ್ದೆಯಾಗಿತ್ತು. ಸುತ್ತು ಹಾಕಿ ಬಂದ ಗಾಡಿಗಳೂ ಪಕ್ಕದಲ್ಲಿ ನಿಂತ ಗಾಡಿಗಳೂ ಒಂದೇ ಸಮ ಕೆಸರು ಬಳಿದುಕೊಂಡಿದ್ದವು. ಹೆಂಡತಿಗೆ ಸಂಜೆಯೊಳಗೆ ಒಂದು ಕೋಟು ಮುಗಿಸಿ ಕೊಡುವುದಿತ್ತು. ಆದ್ದರಿಂದ ನಾವಿಬ್ಬರೂ ಉಳಿದವರಿಗಿಂತ ಮೊದಲೇ ಎದ್ದೆವು. ಮರದ ಕೆಳಗಿದ್ದ ಕರಿ ಬೈಕಿಗೆ ಕೀಲಿ ಹಾಕಿದೆ. ಸಲೀಸಾಗಿ ತಿರುಗಿತು. ಒಂದೇ ಕಿಕ್ಕಿಗೆ ಎದ್ದು ಗುಡುಗುಟ್ಟಿತು!

"ಕೇಳಿದ್ಯಾ?" ಎಂದೆ.

"ಕೇಳಿದೆ. ಇದೇನು ಇಷ್ಟು ಒಳ್ಳೇ ಬುದ್ಧಿ ಬಂತು ಇದಕ್ಕೆ?"

"ವಾರವೆಲ್ಲ ನಾನು ಪಟ್ಟ ಪಾಡು. ಎಂಜಿನ್ ಬಿಸಿಯಾದ ಮೇಲೆ ಫಲ ಕೊಡುತ್ತೆ."

ಆಹಾ, ಏನು ಹೇಳಲಿ ಆ ಸವಾರಿ! ಗಾಡಿ ನೀರಿನ ಮೇಲೆ ದೋಣಿ ಹೋದಂತೆ ಹೋಯಿತು. ಕೆಮ್ಮಿಲ್ಲ, ದಮ್ಮಿಲ್ಲ. ದಾರಿಯುದ್ದಕ್ಕೂ ನಾನು ಟ್ಯೂನಿಂಗ್ ಕಲೆಯ ಬಗ್ಗೆ ಉಪನ್ಯಾಸ ಕೊಟ್ಟೆ. ಮಿಕ್ಕ ನಟ್ಟು ಬೋಲ್ಟುಗಳ ತತ್ವವನ್ನೂ ಬಿಡಿಸಿ ಹೇಳಿದೆ. ಅವಳು ಒಂದಕ್ಕೂ ಎದುರಾಡಲಿಲ್ಲ. ಗೋದಾಮಿನ ಗೋಡೆ ದಾಟಿದ ಮೇಲೆ ನನ್ನ ಭುಜ ತಟ್ಟಿದಳು.

"ನಿಲ್ಸಿ. ಸ್ವಲ್ಪ ದೂರ ನಾನು ಓಡಿಸ್ತೀನಿ."

ಎಷ್ಟು ಕಾಲವಾಗಿತ್ತು ಅವಳು ಆ ಮಾತಾಡಿ! ನಾನು ಹಿಂದೆ ಸರಿದೆ. ಅವಳು ಹಾಗೇ ಗೇರು ಬದಲಿಸಿ ಹೊರಟಳು. ಮನೆಯ ತಿರುವು ಬಂತು, ಅವಳು ತಿರುಗಿಸಲಿಲ್ಲ. ಬೆಟ್ಟದ ರಸ್ತೆ ಹಿಡಿದು ಒಂದು ದೊಡ್ಡ ಸುತ್ತು ಹಾಕಿದಳು. ಕೋಟಿನವನು ಕಾದರೆ ಕಾಯಲಿ ಎಂದಳು. ಹೆಲ್ಮೆಟ್ಟಿನೊಳಗೆ ಏನೋ ಗುನುಗುತ್ತಲೂ ಇದ್ದಳು. ನನ್ನ ಕಣ್ಣು ತುಂಬಿ ಬಂತು. ಗಾಳಿಗೆ ಅಂತ ಹೇಳಬಹುದು, ಆದರೆ ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡಿದ್ದೆ.

ಮನೆಯ ಮುಂದೆ ಇಳಿದಾಗ ಅವಳೇ ಹೇಳಿದಳು. "ಗುಜರಿಯವನಿಗೆ ನಾಳೆ ಬಂದು ಹೋಗು ಅಂತ ಹೇಳಿಟ್ಟಿದ್ದೆ. ಬೇಡ ಅಂತ ಹೇಳ್ಬಿಡ್ತೀನಿ. ಮುಂದಿನ ತಿಂಗಳು ಸಮುದ್ರದವರೆಗೂ ಹೋಗೋಣ್ವಾ?"

ನಾನು ಗಂಭೀರವಾಗಿ ತಲೆಯಾಡಿಸಿ, ಬಟ್ಟೆ ತಂದು ಗಾಡಿಯ ಕೆಸರು ಒರೆಸತೊಡಗಿದೆ. ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ನನ್ನ ಕೈಯೆಲ್ಲ ಕೆಸರು. ಅವಳೇ ಫೋನ್ ತೆಗೆದು ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದಳು. ಕ್ಯಾಪ್ಟನ್.

"ಒಂದು ವಿಷಯ ಕೇಳ್ಬೇಕಿತ್ತು. ನಿಮ್ಮ ಗಾಡಿ ಹೇಗೆ ಓಡ್ತಿದೆ?"

"ಬೆಣ್ಣೆ ಕ್ಯಾಪ್ಟನ್, ಬೆಣ್ಣೆ. ಒಂದೇ ಕಿಕ್ಕು. ಬೆಟ್ಟ ಹತ್ತಿ ಇಳಿದ್ರೂ ಒಂದು ಸಲ ಕೆಮ್ಮಲಿಲ್ಲ."

"ಹೌದಾ. ಹಾಗಾದ್ರೆ ಅದು ನಿಮ್ಮದಲ್ಲ."

"ಅಂದ್ರೆ?"

"ನಂಬರ್ ಪ್ಲೇಟ್ ಒರೆಸಿ ನೋಡಿ. ಹಳೇ ಗಾಡಿ, ಬೀಗ ಸವೆದಿರುತ್ತೆ, ಯಾವ ಕೀಲಿ ಹಾಕಿದ್ರೂ ತಿರುಗುತ್ತೆ. ಡಾಕ್ಟರಮ್ಮನ ಗಾಡಿ ಬೆಳಿಗ್ಗೆ ಚಿನ್ನದ ಹಾಗಿತ್ತು, ವಾಪಸು ಬರ್ತಾ ನಿಂತ್ಹೋಯ್ತು. ನಾವೆಲ್ಲ ಸೇರಿ ತಳ್ತಾ ಇದ್ದೀವಿ. ತಳ್ತಾ ತಳ್ತಾ ನನಗೆ ನಿಮ್ಮ ನೆನಪಾಯ್ತು."

ನಂಬರ್ ಪ್ಲೇಟ್ ಒರೆಸಿದೆ. ಒರೆಸದೇ ಇದ್ದಿದ್ದರೆ ಚೆನ್ನಾಗಿತ್ತು. ಹೆಂಡತಿ ಏನೂ ಹೇಳಲಿಲ್ಲ. ಈ ಸಲ ಬಾಯಲ್ಲಿ ಸೂಜಿಯೂ ಇರಲಿಲ್ಲ.

"ನೀನು ತಳ್ಳಿಲ್ಲ" ಎಂದೆ ಕೊನೆಗೆ.

"ಹೌದು. ಊರೇ ತಳ್ಳಿದೆ" ಎಂದು ಅವಳು ಹೆಲ್ಮೆಟ್ ಹಾಕಿಕೊಂಡಳು. "ನಡೀರಿ, ಅವರ ಗಾಡಿ ಕೊಟ್ಟು ಬರೋಣ. ಒಳ್ಳೇ ಗಾಡಿ ಮೇಲೆ ಇನ್ನೊಂದು ಸಲ ಕೂತ ಹಾಗಾಗುತ್ತೆ."

ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದ್ದದ್ದು ಬೇಸರ. ಮನಸ್ಸಿನಲ್ಲೇ ಸಮುದ್ರದವರೆಗೂ ಹೋಗಿದ್ದವಳನ್ನು ಮತ್ತೆ ಮನೆಯ ಮುಂದೆ ಇಳಿಸಿಬಿಟ್ಟಂತಾಗಿತ್ತು. ದಾರಿಯಲ್ಲಿ ನಾನು ಯಾವ ಉಪನ್ಯಾಸವನ್ನೂ ಕೊಡಲಿಲ್ಲ.

ಬಳಗವೆಲ್ಲ ರಸ್ತೆ ಪಕ್ಕ ಕೂತು ಬೆವರು ಒರೆಸಿಕೊಳ್ಳುತ್ತಿತ್ತು. ನನ್ನ ಬೈಕಿನ ಟ್ಯಾಂಕಿನ ಮುಚ್ಚಳ ಡಾಕ್ಟರಮ್ಮನ ಕೈಯಲ್ಲಿತ್ತು. ಬಾಯಿ ತೆರೆಸಿ ನೋಡುವವರ ಹಾಗೆ ಅದನ್ನು ಬೆಳಕಿಗೆ ಹಿಡಿದು, ತಲೆಯಿಂದ ಒಂದು ಹೇರ್‌ಪಿನ್ ಕಿತ್ತು, ಅದರ ತುದಿಯಿಂದ ಕೆರೆಯುತ್ತಿದ್ದರು.

"ಬನ್ನಿ ಬನ್ನಿ. ಪೆಟ್ರೋಲ್ ಕೆಳಗೆ ಇಳೀಬೇಕಾದ್ರೆ ಮೇಲಿಂದ ಗಾಳಿ ಒಳಗೆ ಹೋಗ್ಬೇಕು. ಅದಕ್ಕೇ ಈ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರುತ್ತೆ. ಇಲ್ಲಿ ನೋಡಿದ್ರೆ ಯಾರೋ ಅದಕ್ಕೆ ಅಂಟು ಮೆತ್ತಿದ್ದಾರೆ. ಸ್ವಲ್ಪ ದೂರ ಓಡುತ್ತೆ, ಉಸಿರುಕಟ್ಟಿ ನಿಲ್ಲುತ್ತೆ, ಮುಚ್ಚಳ ತೆಗೆದ್ರೆ ಮತ್ತೆ ಉಸಿರಾಡುತ್ತೆ. ನನ್ನ ಇಷ್ಟು ವರ್ಷದ ಸರ್ವಿಸ್‌ನಲ್ಲಿ ಹುಳುಕೇ ಇಲ್ಲದ ಕಡೆ ಫಿಲ್ಲಿಂಗ್ ಮಾಡಿದ್ದನ್ನ ಇದೇ ಮೊದಲು ನೋಡಿದ್ದು."

ಆ ಅಂಟು ಯಾರದೆಂದು ಬೇರೆ ಹೇಳಬೇಕೇ? ಪೆಟ್ರೋಲ್ ಆ ತೂತಿನಿಂದ ಆವಿಯಾಗಿ ಹೋಗಿ ದಂಡವಾಗುತ್ತಿದೆಯೆಂದು ನಾನೇ ಸಂಶೋಧನೆ ಮಾಡಿ, ನಾನೇ ಮೆತ್ತಿದ್ದೆ. ಇಷ್ಟು ದಿನ ಗಾಡಿಯನ್ನು ಎಬ್ಬಿಸುತ್ತಿದ್ದದ್ದು ಸ್ಕ್ರೂ ಅಲ್ಲ, ಕೈಗುಣವೂ ಅಲ್ಲ, ಬರೀ ಮುಚ್ಚಳ!

"ಯಾರೋ ಹಳೇ ಮೆಕ್ಯಾನಿಕ್ ಮಾಡಿರಬೇಕು" ಎಂದೆ.

"ಹೂಂ" ಎಂದಳು ಹೆಂಡತಿ. "ಮನೇಲೇ ಇರ್ತಾನೆ."

ಡಾಕ್ಟರಮ್ಮ ಅಂಟಿನ ಚೂರನ್ನು ಊದಿ, ಮುಚ್ಚಳ ತಿರುಗಿಸಿ ಹಾಕಿದರು. ಹೆಂಡತಿ ಕಿಕ್ ಹೊಡೆದಳು. ನಮ್ಮ ಬೈಕು ಒಂದೇ ಏಟಿಗೆ ಎದ್ದಿತು. ಅವಳು ಎಕ್ಸಿಲರೇಟರ್ ತಿರುವಿ, ಕಿವಿಗೊಟ್ಟು ಕೇಳಿ, ಮೆಲ್ಲಗೆ ನಕ್ಕಳು. ನನಗೆ ಹೋದ ಜೀವ ಬಂದಂತಾಯಿತು.

"ಹಾಗಾದ್ರೆ ಇದನ್ನ ಮಾರೋದು ಬೇಡ ಅಂತೀರಾ ಡಾಕ್ಟರೇ?"

"ಯಾಕಮ್ಮ ಮಾರ್ತೀರಾ? ಇದಕ್ಕೆ ಕಾಯಿಲೆ ಏನೂ ಇಲ್ಲ. ಬರೀ ಚಿಕಿತ್ಸೆ ಜಾಸ್ತಿಯಾಗಿದೆ."

ಬಳಗವೆಲ್ಲ ಗೊಳ್ಳೆಂದು ನಕ್ಕಿತು. ಹೆಂಡತಿ ನನ್ನನ್ನು ಗಿರಾಕಿಯ ಅಳತೆ ತೆಗೆಯುವ ಹಾಗೆ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಗುಜರಿಯವನಿಗೆ ನಾಳೆ ಬಾ ಅಂತ ಹೇಳಿಯಾಗಿದೆ. ಏನಾದ್ರೂ ಕೊಡ್ಬೇಕಲ್ಲ."

"ಇದನ್ನಾ?" ಎಂದರು ಕ್ಯಾಪ್ಟನ್, ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ. "ಸದ್ದು ಜಾಸ್ತಿ, ಎಳೆಯೋದು ಕಮ್ಮಿ. ಯಾರೂ ತಗೊಳ್ಳಲ್ಲ ಬಿಡಿ."

"ಅದೂ ನಿಜ. ನಾನೇ ಇಟ್ಕೋತೀನಿ" ಎಂದು ಅವಳು ಹ್ಯಾಂಡಲ್ ಹಿಡಿದು ಮುಂದೆ ಕೂತಳು. "ಹತ್ತಿ ಹಿಂದೆ. ಎರಡೂ ಕೈ ನನ್ನ ಭುಜದ ಮೇಲೇ ಇರಲಿ. ಸಮುದ್ರ ಮುಟ್ಟೋವರೆಗೂ ಯಾವ ಸ್ಕ್ರೂಗೂ ತಾಗಬಾರದು."