ಎರಡನೇ ಪರಿಶೀಲಕನ ಮೇಲೆ ನೀಲಾಂಬಿಕೆಯ ದಂಡಯಾತ್ರೆ

ಪ್ರಬಂಧಗಳೇ ಪರಾಕ್ರಮವೆನಿಸಿದ, ಅಡಿಟಿಪ್ಪಣಿಗಳೇ ಆಯುಧಗಳಾದ, ಮುಖ ತೋರದ ವಿಮರ್ಶಕರು ಮೋಡದ ಮರೆಯಿಂದ ಬಾಣಗರೆಯುವ ಈ ವಿಶ್ವವಿದ್ಯಾಲಯಯುಗದಲ್ಲಿ, ಧಾರವಾಡವೆಂಬ ವಿದ್ಯಾನಗರಿಯಲ್ಲಿ, ಕೀಟಕುಲಕಾಲಾಂತಕಿಯೂ ಬದನೆವನಸಂರಕ್ಷಕಿಯೂ ಆದ ಡಾಕ್ಟರ್ ನೀಲಾಂಬಿಕಾ ಮೊರಬದ ಎಂಬ ವೀರಾಗ್ರಣಿ ಇದ್ದಳು. ಓ ವಾಗ್ದೇವಿ, ಅವಳ ಕಥೆ ಮುಗಿಯುವವರೆಗೆ ನನ್ನ ವ್ಯಾಕರಣವನ್ನು ಕಾಪಾಡು!

ಬೇವಿನೆಣ್ಣೆ ಸಿಂಪಡಿಸಿದರೆ ಬದನೆಕಾಯಿಯ ಹುಳು ಕಡಿಮೆಯಾಗುತ್ತದೆಂದು ತೋರಿಸಲು ಅವಳು ಬಿಸಿಲಲ್ಲಿ ಬೆಂದು, ಕೆಸರಲ್ಲಿ ಜಾರಿ, ವರ್ಷಗಟ್ಟಲೆ ಕಾಯಿ ಸೀಳಿ ಹುಳು ಎಣಿಸಿದ್ದಳು. ಆ ತಪಃಫಲವಾದ ಪ್ರಬಂಧ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾದರೆ ಮಾತ್ರ ಅವಳಿಗೆ ಪ್ರಾಧ್ಯಾಪಕಪೀಠ. ಒಂದು ಮುಂಜಾನೆ ಸಂಪಾದಕರಿಂದ ಇಬ್ಬರು ಅನಾಮಧೇಯ ಪರಿಶೀಲಕರ ಅಭಿಪ್ರಾಯಗಳು ಬಂದವು. ಮೊದಲನೆಯವನು ‘ಉತ್ಕೃಷ್ಟ ಕೃತಿ, ಪ್ರಕಟಿಸಿರಿ’ ಎಂದು ಪುಷ್ಪವೃಷ್ಟಿ ಸುರಿಸಿದ್ದ. ಎರಡನೆಯವನೋ, ‘ಲೇಖಕರು ತಮ್ಮ ಪ್ರಬಂಧವನ್ನು ತಾವೇ ಓದಿದಂತೆ ಕಾಣುವುದಿಲ್ಲ’ ಎಂದು ಆರಂಭಿಸಿ ಪುಟಪುಟಗಳಲ್ಲಿ ಕೆಂಡ ಕಾರಿದ್ದ.

ಪ್ರಳಯಮೇಘದಂತೆ ಗರ್ಜಿಸಿದಳು ನೀಲಾಂಬಿಕೆ: “ಯಾರಂತ ತಿಳಕೊಂಡಾನ ನನ್ನ? ಈ ಸೀಮಿಯಾಗಿನ ಬದನಿಕಾಯಿ ಹುಳ ಎಲ್ಲಾ ನನ್ನ ಹೆಸರು ಕೇಳಿದ್ರ ಗಡಗಡ ನಡಗತಾವು! ಇಂವನ್ನ ಸುಮ್ನ ಬಿಟ್ರ ನಾ ಮೊರಬದ ಮನಿತನದ ಮಗಳ ಅಲ್ಲ!”

ಆ ಹುಳುವಿನ ಮರ್ಮ ಬಲ್ಲ ಮತ್ತೊಬ್ಬ ಮಹಾರಥಿ ಪಕ್ಕದ ಕೋಣೆಯಲ್ಲೇ ಇದ್ದ: ಪ್ರೊಫೆಸರ್ ವಾದಿರಾಜ ಗಲಗಲಿ. ಹಿಂದೊಮ್ಮೆ ತುಂಬಿದ ಸಭೆಯಲ್ಲಿ ಅವಳ ಲೆಕ್ಕವನ್ನು ಪ್ರಶ್ನಿಸಿದ್ದವನು. ವೈರಿ ಇವನೇ ಎಂದು ನಿಶ್ಚಯಿಸಿದ ಆ ರಣಚಂಡಿ, ಬೈಗುಳದ ಪುಟಗಳನ್ನು ಖಡ್ಗದಂತೆ ಎತ್ತಿ ಹಿಡಿದು, ಬಾಗಿಲನ್ನೂ ತಟ್ಟದೆ ಅವನ ದುರ್ಗವನ್ನು ಹೊಕ್ಕಳು. ಮಹಾರಥಿ ಗಿರ್ಮಿಟ್ ತಿನ್ನುತ್ತಿದ್ದ.

“ಇದನ್ನ ಬರದವ್ರು ನೀವ ಹೌದಲ್ರಿ ಸರ?”

ಗಲಗಲಿ ಕೈ ಒರೆಸಿಕೊಂಡು, ಕನ್ನಡಕ ಏರಿಸಿ ನೋಡಿದ. “ಅಯ್ಯ, ಇಷ್ಟೆಲ್ಲಾ ಬರೀಲಿಕ್ಕೆ ನನಗೆಲ್ಲಿ ಪುರಸೊತ್ತು ಅದರೀ? ನಾ ಮೊದಲನೇದಾಂವ.”

“ಹೊಗಳಿದವ್ರು ನೀವು?”

“ಹೂಂ. ಮಗಳ ಲಗ್ನದ ಗಡಿಬಿಡಿ ಇತ್ತು. ಬದನಿಕಾಯಿ ಅಂದಕೂಡ್ಲೆ ನಿಮ್ಮದಂತ ಗೊತ್ತಾತು. ಸಾರಾಂಶ ಅಷ್ಟ ಓದಿ, ಛಲೋ ಅದ ಅಂತ ಬರದು ಕಳಿಸಿದೆ.”

ಸುರಿದಿದ್ದ ಹೂವೆಲ್ಲ ಮುಳ್ಳಾಗಿ ಅವಳೆದೆಯನ್ನು ಚುಚ್ಚಿತು. ಬೈಸಿಕೊಂಡಾಗಲೂ ಅವಳಿಗೆ ಇಷ್ಟು ನೋವಾಗಿರಲಿಲ್ಲ. ಅಷ್ಟರಲ್ಲಿ ಕೆಂಡದ ಪುಟಗಳನ್ನು ತಿರುವುತ್ತಿದ್ದ ಗಲಗಲಿ ಫಕ್ಕನೆ ನಕ್ಕ.

“ಮೇಡಮ್, ಇಲ್ಲಿ ನೋಡ್ರಿ. ನಿಮ್ಮ ಕೋಷ್ಟಕದ ಪ್ರಕಾರ ಬೇವಿನೆಣ್ಣಿ ಹೊಡದ ಗಿಡದಾಗನ ಹುಳ ಹೆಚ್ಚಾಗ್ಯಾವಂತ!”

“ಸಾಧ್ಯನ ಇಲ್ಲ!” ಎಂದಳು. ನೋಡಿದಳು. ಪರಿಶೀಲಕ ಎತ್ತಿ ತೋರಿಸಿದ್ದ ಕೋಷ್ಟಕದಲ್ಲಿ ಎರಡು ಕಾಲಂಗಳ ತಲೆಬರಹ ಅದಲುಬದಲಾಗಿತ್ತು. ಹಾಗೆಯೇ ಅಚ್ಚಾಗಿದ್ದರೆ ದೇಶದ ಕೀಟಶಾಸ್ತ್ರಜ್ಞರೆಲ್ಲ ಅವಳ ಹೆಸರು ಹೇಳಿಕೊಂಡು ನಗುತ್ತಿದ್ದರು. ವೀರಾಗ್ರಣಿ ಎದುರಾಳಿಯ ಮುಂದಿದ್ದ ಕುರ್ಚಿಯನ್ನೆಳೆದು ಕುಳಿತು, ಆ ಪುಟವನ್ನು ಮತ್ತೊಮ್ಮೆ ಓದಿದಳು.

“ಕಡೀತನಕ ಓದ್ಯಾನ್ರಿ ಪುಣ್ಯಾತ್ಮ,” ಎಂದ ಗಲಗಲಿ, ತುಸು ನಾಚಿಕೆಯಿಂದ.

“ಓದ್ಯಾನ, ಖರೆ. ಆದ್ರ ಇಷ್ಟ್ಯಾಕ ಬೈಬೇಕಾಗಿತ್ರಿ?”

“ಅವನ ಪ್ರಬಂಧ ಯಾರೋ ವಾಪಸ್ ಕಳಿಸಿರಬೇಕು. ಇಲ್ಲಾ, ಹಲ್ಲುಬ್ಯಾನಿ ಇರಬೇಕು.”

ಶತ್ರುಸಂಹಾರಕ್ಕೆಂದು ಅವಳು ಮನದಲ್ಲೇ ಹೂಡಿದ್ದ ಮಹಾಪ್ರತ್ಯುತ್ತರ ಒಂದೇ ಸಾಲಿಗೆ ಇಳಿಯಿತು: ‘ತಪ್ಪು ತೋರಿಸಿದ್ದಕ್ಕೆ ಕೃತಜ್ಞತೆಗಳು, ಸರಿಪಡಿಸಿದ್ದೇನೆ.’

ತನ್ನ ಕೋಣೆಗೆ ಮರಳಿದಾಗ, ಅವಳೇ ಪರಿಶೀಲಿಸಬೇಕಾಗಿದ್ದ ಮತ್ತಾರದೋ ಪ್ರಬಂಧ ಕಾದು ಕೂತಿತ್ತು. ಊಟದ ಹೊತ್ತು ಮೀರಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಮೊದಲ ಪುಟ ಓದಿ, ‘ಈ ಲೇಖಕನಿಗೆ ವಾಕ್ಯ ಬರೆಯುವುದನ್ನು ಯಾರೂ ಕಲಿಸಿದಂತಿಲ್ಲ’ ಎಂದು ಕೀಲಿಮಣೆ ಕುಟ್ಟಿದಳು. ಬರೆದದ್ದನ್ನು ತಾನೇ ಒಮ್ಮೆ ಓದಿದಳು. ಎದ್ದು ಡಬ್ಬಿ ಬಿಚ್ಚಿ ರೊಟ್ಟಿ ತಿಂದಳು, ಮಜ್ಜಿಗೆ ಕುಡಿದಳು, ಬಂದು ಆ ಸಾಲನ್ನು ಅಳಿಸಿದಳು.

‘ದಯವಿಟ್ಟು ವಾಕ್ಯಗಳನ್ನು ತುಸು ಚಿಕ್ಕದಾಗಿಸಿ.’

ದಿಕ್ಕುಗಳನ್ನೇ ನಡುಗಿಸಿದ ಆ ಮಹಾಸಮರದಿಂದ ಭೂಮಂಡಲಕ್ಕೆ ದಕ್ಕಿದ್ದು ಇಷ್ಟೇ: ಒಂದು ‘ದಯವಿಟ್ಟು’.